ಮೊಲ ಮೇವು ಬಿಟ್ಟಾಗ

ಅಜ್ಜಂಪುರ, ಬೀರೂರು, ಕಡೂರು ಕಡೆ ದನ ಸಾಕಿದ ಮನೆಯವರಿಗೆ ಹಸುವಿನ ಕಾಯಿಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೆಳಿಗ್ಗೆ ಕೊಟ್ಟಿಗೆಗೆ ಕಾಲಿಟ್ಟ ಕೂಡಲೇ ಕಣ್ಣು ತಾನಾಗಿ ಹೋಗಬೇಕಾದ ಕಡೆ ಹೋಗುತ್ತದೆ. ರಾತ್ರಿ ಹಾಕಿದ ಹುಲ್ಲು ಗೋದಲಿಯಲ್ಲೇ ಉಳಿದಿದೆಯೇ? ಮೆಲುಕು ಹಾಕುತ್ತಿದೆಯೇ? ಸಗಣಿ ಗಟ್ಟಿಯೋ, ನೀರೋ? ಮೂಗಿನ ಮೇಲೆ ತೇವ ಇದೆಯೇ, ಒಣಗಿದೆಯೇ? ಇಷ್ಟು ನೋಡುವುದಕ್ಕೆ ಅರ್ಧ ನಿಮಿಷವೂ ಬೇಡ.

ಈ ಕಣ್ಣು ನಮ್ಮ ಸೀಮೆಗೆ ಒಂದೆರಡು ತಲೆಮಾರಿನಲ್ಲಿ ಬಂದದ್ದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳ ಉಸ್ತುವಾರಿಗೆ ‘ಬೆಣ್ಣೆ ಚಾವಡಿ’ ಇತ್ತು. ಟಿಪ್ಪು ಸುಲ್ತಾನನ ಕಾಲಕ್ಕೆ ಅದು ‘ಅಮೃತ ಮಹಲ್’ ಆಯಿತು. ದಂಡಿನ ಫಿರಂಗಿ ಎಳೆದ ಆ ದನಗಳು ಮೇಯುತ್ತಿದ್ದ ಕಾವಲುಗಳು ಇವತ್ತಿಗೂ ನಮ್ಮ ಸುತ್ತಮುತ್ತ ಉಳಿದಿವೆ; ಅಜ್ಜಂಪುರದಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವೇ ಇದೆ. ಇಲ್ಲಿನ ಎಷ್ಟೋ ಹಿರಿಯರು ದನದ ನಡಿಗೆ ನೋಡಿಯೇ ಅದಕ್ಕೆ ಜ್ವರವೋ, ಗೊರಸಿನ ನೋವೋ ಎಂದು ಹೇಳಬಲ್ಲರು.

ಅಂಥ ಮನೆಗಳಿಗೇ ಈಗ ಮೊಲಗಳು ಬಂದಿವೆ. ಮಕ್ಕಳು ಕೇಳಿದರು ಎಂದು ಶಿವಮೊಗ್ಗದ ಅಂಗಡಿಯಿಂದಲೋ, ಜಾತ್ರೆಯಿಂದಲೋ, ನೆಂಟರ ಮನೆಯಿಂದಲೋ ಒಂದು ಜೋಡಿ ಬರುತ್ತದೆ. ಬಚ್ಚಲ ಪಕ್ಕದಲ್ಲಿ ಒಂದು ಗೂಡು, ಅದರೊಳಗೆ ಒಂದಿಷ್ಟು ಕ್ಯಾರೆಟ್ಟು. ಕೆಲವು ತಿಂಗಳಾದ ಮೇಲೆ ಆ ಮನೆಯಿಂದ ಕೇಳಿಬರುವ ಮಾತು ಒಂದೇ: “ನಿನ್ನೆ ಚೆನ್ನಾಗೇ ಇತ್ತು. ಬೆಳಿಗ್ಗೆ ಎದ್ದು ನೋಡಿದರೆ ಸತ್ತಿತ್ತು.”

ಈ ಮಾತು ನಾನು ಬಹಳ ಕೇಳಿದ್ದೇನೆ. ಹೇಳುವವರು ಸುಳ್ಳು ಹೇಳುತ್ತಿಲ್ಲ, ಅವರ ದುಃಖವೂ ನಿಜ. ಆದರೆ ಆ ಮೊಲ ನಿನ್ನೆ ಚೆನ್ನಾಗಿರಲಿಲ್ಲ. ಮೊನ್ನೆಯಿಂದಲೇ ಅದು ಹೇಳುತ್ತಿತ್ತು. ಹಸುವಿನ ಮೇಲೆ ದಿನಾ ಬೀಳುವ ಕಣ್ಣು ಮೊಲದ ಮೇಲೆ ಬೀಳಲಿಲ್ಲ, ಅಷ್ಟೆ. ಹಸುವನ್ನು ನೋಡುವ ಕಣ್ಣಿನಿಂದಲೇ ಮೊಲವನ್ನೂ ನೋಡಿ. ಆದರೆ ಹಸುವಿಗೆ ಕೊಡುವ ಔಷಧವನ್ನು ಮಾತ್ರ ಅದಕ್ಕೆ ಕೊಡಬೇಡಿ. ಇವತ್ತು ನಿಮ್ಮೆದುರು ಹೇಳಬೇಕೆಂದಿರುವುದು ಇದನ್ನೇ.

ಮೊಲ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ನರಿ, ಹದ್ದು, ನಾಯಿ ಎಲ್ಲಕ್ಕೂ ಅದು ಆಹಾರ. ಹಿಂಡಿನಲ್ಲಿ ಕುಂಟುವುದನ್ನೇ, ಸಪ್ಪಗಿರುವುದನ್ನೇ ಬೇಟೆಯ ಪ್ರಾಣಿ ಮೊದಲು ಆರಿಸಿಕೊಳ್ಳುತ್ತದೆ. ಹಾಗಾಗಿ ನೋವನ್ನು ತೋರಿಸದಿರುವುದು ಅದರ ಹುಟ್ಟುಗುಣ. ನಾಯಿ ಕುಂಯ್ಗುಡುತ್ತದೆ, ಬೆಕ್ಕು ಅರಚುತ್ತದೆ. ಮೊಲ ಮೂಲೆ ಸೇರಿ, ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತುಬಿಡುತ್ತದೆ. ನೋಡಿದವರಿಗೆ ತೂಕಡಿಸುತ್ತಿದೆ ಎನಿಸುತ್ತದೆ. ಹತ್ತಿರ ಕಿವಿ ಕೊಟ್ಟರೆ ಹಲ್ಲು ಕಡಿಯುವ ಸದ್ದು ಕೇಳಿಸಬಹುದು. ತಲೆ ಸವರುವಾಗ ಮೊಲ ಮೆಲ್ಲಗೆ ಹಲ್ಲಾಡಿಸುವುದುಂಟು, ಅದು ಸಂತೋಷದ್ದು. ಗಟ್ಟಿಯಾಗಿ, ಬಿಟ್ಟುಬಿಟ್ಟು ಕಟಕಟ ಎನ್ನುವುದು ನೋವಿನದು. ಒಂದೆರಡು ಸಲ ಕೇಳಿದವರಿಗೆ ಈ ಎರಡೂ ಬೇರೆ ಎಂದು ಗೊತ್ತಾಗಿಬಿಡುತ್ತದೆ.

ಇದರ ಹೊಟ್ಟೆಯ ಕಥೆಯನ್ನು ಸ್ವಲ್ಪ ಹೇಳಬೇಕು, ಏಕೆಂದರೆ ಮೊಲದ ಕಾಯಿಲೆಗಳಲ್ಲಿ ಬಹುಪಾಲು ಅಲ್ಲಿಂದಲೇ ಹೊರಡುತ್ತವೆ, ಇಲ್ಲವೇ ಅಲ್ಲಿಗೇ ಹೋಗಿ ಮುಟ್ಟುತ್ತವೆ. ಹಸುವೂ ಹುಲ್ಲು ತಿನ್ನುತ್ತದೆ, ಮೊಲವೂ ತಿನ್ನುತ್ತದೆ. ಹುಲ್ಲಿನ ನಾರನ್ನು ಎರಡೂ ತಾವಾಗಿ ಕರಗಿಸಲಾರವು. ಒಳಗಿರುವ ಸೂಕ್ಷ್ಮಜೀವಿಗಳು ಕರಗಿಸಿ ಕೊಡಬೇಕು. ಹಸುವಿಗೆ ಆ ಕೆಲಸ ಮುಂದಿನ ಹೊಟ್ಟೆಯಲ್ಲಿ ನಡೆಯುತ್ತದೆ, ಮೊಲಕ್ಕೆ ಹಿಂದೆ, ದೊಡ್ಡ ಕರುಳಿನ ಬುಡದಲ್ಲಿರುವ ಸೀಕಂ ಎಂಬ ದೊಡ್ಡ ಚೀಲದಲ್ಲಿ. ಹಸು ಮೆಲುಕು ಹಾಕಿ ಎರಡನೆಯ ಸಲ ಅಗಿಯುತ್ತದೆ. ಮೊಲ ಆ ಚೀಲದಲ್ಲಿ ಪಕ್ವವಾದದ್ದನ್ನು ಮೆತ್ತನೆಯ, ಅಂಟಂಟಾದ, ಹೊಳೆಯುವ ಪುಟ್ಟ ಗೊಂಚಲಾಗಿ ಹೊರಗೆ ತಂದು, ನೆಲಕ್ಕೆ ಬೀಳಗೊಡದೆ ಬಾಯಿ ಹಾಕಿ ನುಂಗುತ್ತದೆ. ರಾತ್ರಿಯಲ್ಲೋ ನಸುಕಿನಲ್ಲೋ ನಡೆಯುವ ಕೆಲಸ ಇದು. ನೋಡಿದ ಮಕ್ಕಳು ಅಸಹ್ಯಪಟ್ಟು ಬೈದರೆ ಅವರಿಗೆ ತಿಳಿಸಿ ಹೇಳಿ. ಅದು ಮೊಲದ ಮೆಲುಕು. ಅದರಲ್ಲಿ ಪ್ರೋಟೀನು, ಬಿ ಜೀವಸತ್ವ ಎಲ್ಲವೂ ಇವೆ. ಆ ಮೆತ್ತನೆಯ ಗೊಂಚಲು ತಿನ್ನದೆ ಗೂಡಿನ ನೆಲದಲ್ಲಿ ಬಿದ್ದಿದ್ದರೆ, ಹಿಂಭಾಗದ ಕೂದಲಿಗೆ ಮೆತ್ತಿಕೊಂಡಿದ್ದರೆ ಆಗ ಯೋಚಿಸಬೇಕು. ಮೊಲಕ್ಕೆ ಮೈ ಬಂದು ಬಗ್ಗಲಾಗುತ್ತಿಲ್ಲ, ಇಲ್ಲವೇ ಬೆನ್ನಿಗೆ, ಹಲ್ಲಿಗೆ ನೋವಿದೆ, ಇಲ್ಲವೇ ಕಾಳು-ಹಿಂಡಿ ಹೆಚ್ಚಾಗಿ ಹುಲ್ಲು ಕಡಿಮೆಯಾಗಿದೆ.

ನೆಲಕ್ಕೆ ಬೀಳುವ ಗಟ್ಟಿ ಹಿಕ್ಕೆ ಬೇರೆ. ಮೊಲದ ಆರೋಗ್ಯದ ಚೀಟಿ ಎಂದರೆ ಅದೇ. ಗುಂಡಗೆ, ಒಣಗಿ, ಎಲ್ಲವೂ ಹೆಚ್ಚುಕಡಿಮೆ ಕಡಲೆಕಾಳಿನ ಗಾತ್ರಕ್ಕಿರಬೇಕು. ಒಂದನ್ನು ಬೆರಳಿನಲ್ಲಿ ಹಿಸುಕಿದರೆ ಒಳಗೆ ಪುಡಿಪುಡಿ ನಾರು ಕಾಣಬೇಕು, ವಾಸನೆ ಇರಬಾರದು. ಹಿಕ್ಕೆ ಸಣ್ಣದಾಗುತ್ತ ಬಂದರೆ, ಕಪ್ಪಾಗಿ ಗಟ್ಟಿಯಾದರೆ, ಒಂದು ದೊಡ್ಡದು ಒಂದು ಚಿಕ್ಕದು ಎಂಬಂತಾದರೆ ಒಳಗೆ ಕರುಳಿನ ಓಟ ನಿಧಾನವಾಗಿದೆ ಎಂದರ್ಥ. ಕೂದಲಿನ ಎಳೆಯಲ್ಲಿ ಪೋಣಿಸಿದ ಹಾಗೆ ಬಂದರೆ ಮೊಲ ಕೂದಲು ಉದುರಿಸುವ ಕಾಲ. ಬಾಚಿ ತೆಗೆಯಬೇಕು, ಹುಲ್ಲು ಹೆಚ್ಚಿಸಬೇಕು. ಹಿಕ್ಕೆಯೇ ಇಲ್ಲ ಎಂದರೆ ಗಡಿಯಾರ ನೋಡಿಕೊಳ್ಳಬೇಕು.

ಬೀರೂರಿನಲ್ಲಿ ನಮ್ಮ ಪಕ್ಕದ ಬೀದಿಯ ಒಂದು ಮನೆಯಲ್ಲಿ ಹೈಸ್ಕೂಲು ಓದುವ ಹುಡುಗಿ ಒಂದು ಬಿಳಿ ಮೊಲ ಸಾಕಿದ್ದಾಳೆ. ಅವಳ ಅಜ್ಜಿ ಕಾವಲಿನ ಅಂಚಿನ ಹಳ್ಳಿಯಲ್ಲಿ ದನಗಳ ನಡುವೆ ಬೆಳೆದವರು, ಮೊಲ ಸಾಕಿದವರಲ್ಲ. ಒಂದು ಬೆಳಿಗ್ಗೆ ನಾನು ಅಲ್ಲಿದ್ದಾಗ ಹುಡುಗಿ ಗೂಡಿನ ಮುಂದೆ ಕೂತು ಕೂಗಿದಳು.

“ಅಜ್ಜಿ, ಕೊತ್ತಂಬರಿ ಹಿಡಿದ್ರೂ ಹತ್ರ ಬರ್ತಿಲ್ಲ.”

ಅಜ್ಜಿ ಹಾಲು ಕಾಯಿಸುತ್ತಿದ್ದವರು ತಿರುಗಿಯೂ ನೋಡದೆ ಕೇಳಿದರು: “ಹಿಕ್ಕೆ ಹಾಕೈತೇನು ನೋಡವ್ವ.”

“ರಾತ್ರಿ ಗುಡಿಸಿದ ಮೇಲೆ ಒಂದೂ ಇಲ್ಲ.”

“ಕಿವಿ ಮುಟ್ಟು.”

“ತಣ್ಣಗಿದೆ ಅಜ್ಜಿ.”

ಅಜ್ಜಿ ಒಲೆ ಆರಿಸಿ ಹೊರಗೆ ಬಂದರು. ಮೊಲವನ್ನು ಎತ್ತಲಿಲ್ಲ, ಪಕ್ಕದಲ್ಲಿ ಕೂತು, ಅಂಗೈಯನ್ನು ಹೊಟ್ಟೆಯ ಕೆಳಗೆ ತೂರಿಸಿ ಮೆಲ್ಲಗೆ ಒತ್ತಿ ನೋಡಿದರು. “ಹೊಟ್ಟೆ ಬಿಗಿ ಆಗಿಲ್ಲ. ಆದ್ರೆ ಒಳಗೆ ಏನೂ ಆಡ್ತಾ ಇಲ್ಲ. ಕಾಯೋದು ಬ್ಯಾಡ, ನಿಮ್ಮಪ್ಪಂಗೆ ಫೋನ್ ಮಾಡು.” ಒಂದು ಹಳೆಯ ಸೀರೆಯ ತುಂಡನ್ನು ಒಲೆಯ ಪಕ್ಕ ಹಿಡಿದು ಬೆಚ್ಚಗೆ ಮಾಡಿ ಮೊಲದ ಸುತ್ತ ಹೊದಿಸಿದರು. ಹತ್ತು ಗಂಟೆಯ ಹೊತ್ತಿಗೆ ಮೊಲ ವೈದ್ಯರ ಮುಂದಿತ್ತು. ಚರ್ಮದ ಕೆಳಗೆ ಸಲೈನು, ನೋವಿಗೆ ಒಂದು ಇಂಜೆಕ್ಷನ್ನು, ಕರುಳು ಓಡುವುದಕ್ಕೆ ಔಷಧ. ಮಾರನೆಯ ದಿನ ಬೆಳಿಗ್ಗೆ ಅದು ಗರಿಕೆಯ ಒಂದು ಎಸಳು ಎಳೆದುಕೊಂಡಿತು. ಅಜ್ಜಿ-ಮೊಮ್ಮಗಳು ನೋಡಿಕೊಂಡ ಆ ಮೂರು ಪ್ರಶ್ನೆಗಳಿಗಿಂತ ಹೆಚ್ಚಿನದನ್ನು ಯಾವ ಪುಸ್ತಕವೂ ಆ ಹೊತ್ತಿನಲ್ಲಿ ಕೇಳುವಂತಿರಲಿಲ್ಲ. ತಿಂದಿತೇ, ಹಾಕಿತೇ, ಬೆಚ್ಚಗಿದೆಯೇ.

ಮೊಲದ ಕರುಳು ಸದಾ ಓಡುತ್ತಿರಬೇಕು. ಹತ್ತು-ಹನ್ನೆರಡು ಗಂಟೆ ಏನೂ ತಿನ್ನದೆ, ಹಿಕ್ಕೆ ಹಾಕದೆ ಇದ್ದ ಮೊಲ ತುರ್ತು ರೋಗಿ. ಒಂದು ದಿನ ಉಪವಾಸ ಬಿಟ್ಟು ನೋಡೋಣ ಎಂಬ ನಾಯಿ-ದನದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಓಟ ನಿಂತ ಕರುಳಿನಲ್ಲಿ ಇರುವುದೆಲ್ಲ ಒಣಗಿ ಗಟ್ಟಿಯಾಗುತ್ತದೆ, ಗಾಳಿ ತುಂಬುತ್ತದೆ, ಗಾಳಿಯಿಂದ ನೋವು, ನೋವಿನಿಂದ ಇನ್ನಷ್ಟು ಮೇವು ಬಿಡುವುದು, ಹೀಗೆ ಒಂದಕ್ಕೊಂದು ಸೇರಿಕೊಳ್ಳುತ್ತದೆ. ಜೊತೆಗೆ ಮೊಲಕ್ಕೆ ವಾಂತಿ ಮಾಡಲು ಬರುವುದೇ ಇಲ್ಲ. ಒಳಗೆ ಹೋದದ್ದು ಹಿಂದಿನಿಂದಲೇ ಹೊರಬರಬೇಕು. ಕರುಳು ಯಾಕೆ ನಿಲ್ಲುತ್ತದೆ ಎಂದರೆ ಕಾರಣ ಹಲವು. ನಾರಿಲ್ಲದ ಮೇವು ಅದರಲ್ಲಿ ಮೊದಲನೆಯದು. ಹಲ್ಲುನೋವು, ನೀರಿಲ್ಲದಿರುವುದು, ಬಿಸಿಲು, ದೀಪಾವಳಿಯ ಪಟಾಕಿಯ ಹೆದರಿಕೆ, ಹೊಸ ಮನೆ, ಹೊಸ ನಾಯಿ, ಜೊತೆಗಾರ ಸತ್ತದ್ದು, ಯಾವುದರಿಂದಲೂ ಆಗಬಹುದು.

ವೈದ್ಯರ ಹತ್ತಿರ ಹೋಗುವವರೆಗೆ ಮನೆಯಲ್ಲಿ ಮಾಡಬಹುದಾದ್ದು ಸ್ವಲ್ಪವೇ. ಕಿವಿ, ಪಾದ ತಣ್ಣಗಿದ್ದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಮೊಲದ ಸಹಜ ಮೈಬಿಸಿ ನಮ್ಮದಕ್ಕಿಂತ ಹೆಚ್ಚು, 101ರಿಂದ 104 ಡಿಗ್ರಿ ಫ್ಯಾರನ್‌ಹೀಟ್. ಅದು ತಣ್ಣಗಾಗುತ್ತಿದ್ದರೆ ಜ್ವರ ಇಳಿಯಿತು ಎಂದು ಸಮಾಧಾನಪಡಬೇಡಿ, ಅದು ಜ್ವರಕ್ಕಿಂತ ಕೆಟ್ಟದ್ದು. ಗರಿಕೆ, ಕೊತ್ತಂಬರಿ, ಒದ್ದೆ ಸೊಪ್ಪನ್ನು ಮೂತಿಯ ಹತ್ತಿರ ಇಡಿ. ಹೊಟ್ಟೆ ತಮಟೆಯ ಹಾಗೆ ಬಿಗಿದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ಒಳಗೆ ಎಲ್ಲೋ ಅಡ್ಡ ಸಿಕ್ಕಿಕೊಂಡಿರಬಹುದು. ಆಗ ಗಂಟೆಗಳ ಲೆಕ್ಕವೂ ಇಲ್ಲ, ಕೂಡಲೇ ಹೊರಡಬೇಕು. ಸಿರಿಂಜಿನಲ್ಲಿ ಮೆತ್ತನೆಯ ಆಹಾರ ಕುಡಿಸುವುದನ್ನು ವೈದ್ಯರು ಹೇಳಿದ ಮೇಲೆ, ಅವರು ತೋರಿಸಿದ ಹಾಗೆ, ಬಾಯಿಯ ಪಕ್ಕದಿಂದ, ನಿಧಾನವಾಗಿ ಮಾಡಿ. ದನಕ್ಕೆ ಹೊಟ್ಟೆಯುಬ್ಬರವಾದಾಗ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಹೊಯ್ಯುವ ಪದ್ಧತಿ ನಮ್ಮಲ್ಲಿದೆ. ಎರಡು ಕಿಲೋ ತೂಗದ ಜೀವಕ್ಕೆ ಆ ಎಣ್ಣೆ ಶ್ವಾಸನಾಳಕ್ಕೆ ಇಳಿದರೆ ಮುಗಿಯಿತು.

ಔಷಧದ ಮಾತು ಬಂದದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಮನೆಗಳ ಮೊಲಗಳು ಕಾಯಿಲೆಯಿಂದ ಸಾಯುವ ಹಾಗೆಯೇ ಔಷಧದಿಂದಲೂ ಸಾಯುತ್ತಿವೆ.

ಮೊದಲನೆಯದು ಆ್ಯಂಟಿಬಯೋಟಿಕ್. ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮಾತ್ರೆ-ಸಿರಪ್ಪು ಎಲ್ಲ ಮನೆಗಳ ಕಪಾಟಿನಲ್ಲೂ ಇರುತ್ತವೆ. ಮಗುವಿನ ಶೀತಕ್ಕೆ ತಂದದ್ದರಲ್ಲಿ ಉಳಿದದ್ದನ್ನು ಮೊಲದ ಶೀತಕ್ಕೂ ಎರಡು ಹನಿ ಹಾಕುವವರಿದ್ದಾರೆ. ಈ ಜಾತಿಯ ಔಷಧ ಬಾಯಿಯ ಮೂಲಕ ಹೋದರೆ ಸೀಕಂನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷ ಉಗುಳುವ ಕ್ಲಾಸ್ಟ್ರೀಡಿಯಂ ಜಾತಿಯವು ಬೆಳೆಯುತ್ತವೆ. ಭೇದಿ ಶುರುವಾಗಿ ಕೆಲವೇ ದಿನಗಳಲ್ಲಿ ಮೊಲ ಹೋಗುತ್ತದೆ. ಮೊಲಕ್ಕೆ ಹೊಂದುವ ಬೇರೆ ಆ್ಯಂಟಿಬಯೋಟಿಕ್‌ಗಳು ಇವೆ, ವೈದ್ಯರಿಗೆ ಗೊತ್ತು. ನಮ್ಮ ಕಪಾಟಿಗೆ ಕೈ ಹಾಕಬಾರದು.

ಎರಡನೆಯದು ನಾಯಿಯ ಉಣ್ಣೆಗೆ ಹೊಡೆಯುವ ಫಿಪ್ರೊನಿಲ್. ನಾಯಿಗೆ ತಂದ ಆ ಸ್ಪ್ರೇಯನ್ನು ಮೊಲಕ್ಕೆ ಹೊಡೆದರೆ ನಡುಕ, ಸೆಳವು, ಸಾವು. ಮೊಲಕ್ಕೆ ಇದನ್ನು ಎಂದಿಗೂ ಬಳಸಬಾರದು.

ಮೂರನೆಯದು ಕಜ್ಜಿಗೆ ಕೊಡುವ ಐವರ್‌ಮೆಕ್ಟಿನ್. ಇದು ಮೊಲಕ್ಕೂ ಒಳ್ಳೆಯ ಔಷಧವೇ, ವೈದ್ಯರೇ ಕೊಡುತ್ತಾರೆ. ತೊಂದರೆ ಅಳತೆಯಲ್ಲಿದೆ. ದನದ ಐವರ್‌ಮೆಕ್ಟಿನ್ ಬಾಟಲಿಯಲ್ಲಿ 50 ಕಿಲೋ ತೂಕಕ್ಕೆ 1 ಮಿಲಿಲೀಟರ್ ಎಂದು ಬರೆದಿರುತ್ತದೆ. ಅದೇ ಲೆಕ್ಕದಲ್ಲಿ 2 ಕಿಲೋ ಮೊಲಕ್ಕೆ ಬರುವುದು 0.04 ಮಿಲಿಲೀಟರ್. ಅಂದರೆ ಒಂದು ಹನಿಯ ಆಸುಪಾಸು. ಸಾಮಾನ್ಯ ಸಿರಿಂಜಿನಲ್ಲಿ ಅಷ್ಟನ್ನು ಅಳೆಯುವುದೇ ಆಗದು. “ಸ್ವಲ್ಪವೇ ಹಾಕಿದ್ದು” ಎಂದು ಹಾಕಿದ ಅರ್ಧ ಮಿಲಿಲೀಟರು ಹನ್ನೆರಡು ಪಟ್ಟು ಹೆಚ್ಚಾಗಿರುತ್ತದೆ.

ಕಜ್ಜಿ ನಮ್ಮ ಕಡೆಯ ಮೊಲಗಳಲ್ಲಿ ಬಹಳ. ತರೀಕೆರೆಯ ತೋಟದ ಮನೆಗಳಲ್ಲಿ, ಲಕ್ಕವಳ್ಳಿ, ಲಿಂಗದಹಳ್ಳಿಯ ಕಡೆ ಮಳೆಗಾಲದಲ್ಲಿ ಗೂಡು ಒಣಗುವುದೇ ಇಲ್ಲ. ಅಲ್ಲಿ ಇನ್ನೂ ಹೆಚ್ಚು. ಮೂಗಿನ ತುದಿ, ತುಟಿ, ಕಾಲ್ಬೆರಳಿನ ಸಂದಿನಲ್ಲಿ ಬೂದಿ ಬಣ್ಣದ ಹಕ್ಕಳೆ ಕಟ್ಟುತ್ತದೆ. ಕಿವಿಯ ಹುಳುವಾದರೆ ಕಿವಿಯೊಳಗೆ ಪದರ ಪದರವಾಗಿ ಕಂದು ಹಕ್ಕಳೆ. ಮೊಲ ತಲೆ ಒದರುತ್ತಲೇ ಇರುತ್ತದೆ. ಅದನ್ನು ಕಿತ್ತು ತೆಗೆಯಲು ಹೋಗಬೇಡಿ. ಕೆಳಗಿನ ಚರ್ಮ ಹಸಿಯಾಗಿರುತ್ತದೆ, ಸಹಿಸಲಾರದ ನೋವು. ಔಷಧ ಹಿಡಿದ ಮೇಲೆ ಹಕ್ಕಳೆ ತಾನಾಗಿ ಉದುರುತ್ತದೆ. ಮೊಲವನ್ನು ಎತ್ತಿಕೊಳ್ಳುವ ಮಗುವಿನ ಕೈಯಲ್ಲೂ ತುರಿಕೆ ಕಂಡರೆ ಮಗುವನ್ನೂ ವೈದ್ಯರಿಗೆ ತೋರಿಸಿ. ಮೈಕಜ್ಜಿಯ ಹುಳು ಮನುಷ್ಯರ ಚರ್ಮಕ್ಕೂ ಹತ್ತುತ್ತದೆ.

ಮಳೆಗಾಲದ ಇನ್ನೊಂದು ಆಪತ್ತು ನೊಣ. ಹಿಂಭಾಗ ಒದ್ದೆಯಾಗಿ ಹೊಲಸಾದ ಮೊಲದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳು ಬೀಳುತ್ತದೆ, ಹುಳು ಜೀವಂತ ಮಾಂಸಕ್ಕೇ ಇಳಿಯುತ್ತದೆ. ದನದ ಹುಣ್ಣಿಗೆ ಟರ್ಪೆಂಟೈನ್ ಹಾಕುವುದು ನಮಗೆ ರೂಢಿ. ಮೊಲಕ್ಕೆ ಹಾಕಬೇಡಿ, ಅದು ಮೈ ನೆಕ್ಕುವ ಪ್ರಾಣಿ, ಚರ್ಮವೂ ತೆಳು. ಕಾಣುವ ಹುಳುಗಳನ್ನು ಚಿಮಟದಲ್ಲಿ ತೆಗೆದು ನೇರ ಆಸ್ಪತ್ರೆಗೆ ಹೊರಡಿ. ಮಳೆಗಾಲದಲ್ಲಿ ದಿನಕ್ಕೆರಡು ಸಲ ಮೊಲದ ಬಾಲ ಎತ್ತಿ ನೋಡುವುದು ಕಡ್ಡಾಯ ಎಂದೇ ನಾನು ಹೇಳುತ್ತೇನೆ.

ಕಡೂರಿನ ಕಡೆ ತೊಂದರೆ ಇದಕ್ಕೆ ತದ್ವಿರುದ್ಧ. ಏಪ್ರಿಲ್-ಮೇ ತಿಂಗಳಲ್ಲಿ ಶೀಟಿನ ಮಾಡಿನ ಕೆಳಗೆ, ಮಧ್ಯಾಹ್ನ ಕರೆಂಟು ಹೋದಾಗ, ಕಂಬಳಿ ಹೊದ್ದ ಈ ಪ್ರಾಣಿಯ ಗತಿ ನೆನೆಸಿಕೊಳ್ಳಿ. ಮೊಲ ನಮ್ಮ ಹಾಗೆ ಬೆವರುವುದಿಲ್ಲ. ಮೈಯ ಬಿಸಿ ಹೊರಗೆ ಹಾಕುವುದು ಮುಖ್ಯವಾಗಿ ಕಿವಿಯ ರಕ್ತನಾಳಗಳಿಂದ. ಸುತ್ತಲಿನ ಗಾಳಿ 30 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕೆ ಕಷ್ಟ ಶುರು. ಬಾಯಿ ತೆರೆದು ಉಸಿರಾಡುವುದು, ಕಿವಿ ಕೆಂಪಾಗುವುದು, ಜೊಲ್ಲು, ಕಾಲು ಚಾಚಿ ಬಿದ್ದುಬಿಡುವುದು ಬಿಸಿಲು ಬಡಿದ ಲಕ್ಷಣ. ಮೊಲ ಬಾಯಿಯಿಂದ ಉಸಿರಾಡಿತೆಂದರೆ ಯಾವ ಕಾಲದಲ್ಲೇ ಆಗಲಿ ಅದು ಅಪಾಯ. ನೆರಳಿಗೆ ತಂದು, ಕಿವಿಗಳನ್ನು ತಣ್ಣೀರಿನ ಬಟ್ಟೆಯಲ್ಲಿ ಒರೆಸಿ, ಗಾಳಿ ಹಾಕಿ. ಐಸ್ ನೀರಿನಲ್ಲಿ ಮುಳುಗಿಸಬಾರದು, ಆ ಆಘಾತವೇ ಸಾಕು ಪ್ರಾಣ ಹೋಗಲು. ಆಮೇಲೆ ಚೇತರಿಸಿಕೊಂಡಂತೆ ಕಂಡರೂ ಒಮ್ಮೆ ವೈದ್ಯರಿಗೆ ತೋರಿಸಿ. ಬೇಸಿಗೆಯಲ್ಲಿ ಗೂಡಿನೊಳಗೆ ನೀರು ಚಿಮುಕಿಸಿದ ಒಂದು ಹಳೆಯ ಮಂಗಳೂರು ಹೆಂಚು ಇಡಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಮೊಲ ತಾನಾಗಿ ಹೋಗಿ ಆ ಹೆಂಚಿನ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತದೆ.

ಹಲ್ಲಿನ ವಿಚಾರ ಎಷ್ಟೋ ಜನಕ್ಕೆ ಹೊಸದು. ಮೊಲದ ಹಲ್ಲು ಬದುಕಿರುವಷ್ಟು ದಿನವೂ ಬೆಳೆಯುತ್ತದೆ. ಮುಂದಿನ ಹಲ್ಲು ವಾರಕ್ಕೆ 2 ಮಿಲಿಮೀಟರಿನಷ್ಟು. ಉದ್ದ ನಾರಿನ ಹುಲ್ಲನ್ನು ಗಂಟೆಗಟ್ಟಲೆ ಅಗಿದಾಗ ಮಾತ್ರ ಅದು ಸವೆಯುತ್ತದೆ. ಅನ್ನ, ಚಪಾತಿ, ಬಿಸ್ಕತ್ತು, ಬ್ರೆಡ್ಡು ತಿಂದ ಮೊಲಕ್ಕೆ ಹಲ್ಲು ಬೆಳೆದು ಕೆನ್ನೆಗೆ, ನಾಲಿಗೆಗೆ ಚುಚ್ಚುತ್ತದೆ. ಆಗ ಮೊಲ ಮೇವಿನ ಹತ್ತಿರ ಬರುತ್ತದೆ, ಬಾಯಲ್ಲಿ ತೆಗೆದುಕೊಳ್ಳುತ್ತದೆ, ಬೀಳಿಸುತ್ತದೆ. ಗದ್ದದ ಕೆಳಗೆ ಕೂದಲು ಒದ್ದೆಯಾಗಿರುತ್ತದೆ, ಒಂದು ಕಣ್ಣಿನಲ್ಲಿ ಸದಾ ನೀರು. ಹಸಿವಿದೆ, ತಿನ್ನಲಾಗುತ್ತಿಲ್ಲ, ಇದನ್ನು ನೋಡುವಾಗ ಕರುಳು ಚುರುಕ್ ಎನ್ನುತ್ತದೆ. ಉಗುರು ಕತ್ತರಿಸುವ ಕತ್ತರಿಯಲ್ಲಿ ಮನೆಯಲ್ಲೇ ಹಲ್ಲು ತುಂಡರಿಸಬೇಡಿ. ಬುಡದವರೆಗೆ ಸೀಳಿ ಕೀವಾಗುತ್ತದೆ. ವಾರಕ್ಕೊಮ್ಮೆ ತರಕಾರಿ ತೂಗುವ ತಕ್ಕಡಿಯಲ್ಲಿ ಮೊಲದ ತೂಕ ನೋಡಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ದಟ್ಟ ತುಪ್ಪಟದ ಕೆಳಗೆ ಮೊಲ ಬಡವಾಗುವುದು ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಗೆ ಕಾಣುತ್ತದೆ.

ಮೇವಿಗೆ ನಮ್ಮಲ್ಲಿ ಬರವಿಲ್ಲ. ಗರಿಕೆ ಎಲ್ಲೆಲ್ಲೂ ಇದೆ, ಒಣಗಿದ ರಾಗಿ ಹುಲ್ಲು ಎಲ್ಲರ ಬಣವೆಯಲ್ಲೂ ಇದೆ. ಬೂಷ್ಟು ಹಿಡಿಯದ, ಧೂಳಿಲ್ಲದ ಹುಲ್ಲು ದಿನವಿಡೀ ಮುಂದಿರಬೇಕು. ಕ್ಯಾರೆಟ್ಟು ಸಿಹಿ ತಿಂಡಿ, ಅಪರೂಪಕ್ಕೆ ಒಂದು ತುಂಡು ಸಾಕು. ಆದರೆ ಕೊಯ್ಯುವ ಜಾಗ ನೋಡಿಕೊಳ್ಳಬೇಕು. ತರೀಕೆರೆಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆದಾಗ ಮೈಲುತುತ್ತದ ಅಂಶ ಕೆಳಗಿನ ಹುಲ್ಲಿನ ಮೇಲೂ ಬೀಳುತ್ತದೆ. ಅಜ್ಜಂಪುರದ ಈರುಳ್ಳಿ ಹೊಲಗಳ ಬದುವಿನ ಹುಲ್ಲಿಗೆ ಕೀಟನಾಶಕ ತಾಗಿರುತ್ತದೆ. ಈರುಳ್ಳಿಯ ಹಸಿರು ಗರಿಯಂತೂ ಮೊಲಕ್ಕೆ ಕೊಡಲೇಬಾರದು, ಅದು ರಕ್ತದ ಕೆಂಪು ಕಣಗಳನ್ನು ಒಡೆಯುತ್ತದೆ. ಆಲೂಗಡ್ಡೆಯ ಸೊಪ್ಪು, ಕಣಗಲು, ಎಕ್ಕ, ಲಂಟಾನ ಇವೂ ಬೇಡ.

ಮೂತ್ರದ ಬಣ್ಣ ನೋಡಿ ಗಾಬರಿಯಾಗುವವರು ಬಹಳ. ಮೊಲದ ಮೂತ್ರ ಸುಣ್ಣದ ನೀರಿನ ಹಾಗೆ ಬೆಳ್ಳಗಿರಬಹುದು, ತಿಂದ ಸೊಪ್ಪಿಗೆ ತಕ್ಕಂತೆ ಕಿತ್ತಳೆ, ಕೆಂಪು ಬಣ್ಣಕ್ಕೂ ತಿರುಗಬಹುದು. ಬರೀ ಬಣ್ಣಕ್ಕೆ ಹೆದರಬೇಕಾಗಿಲ್ಲ. ಮುಕ್ಕುತ್ತ ಹನಿಹನಿ ಹೋಗುತ್ತಿದ್ದರೆ, ಇಲ್ಲವೇ ಮೂತ್ರದಲ್ಲಿ ರಕ್ತದ ಗೆರೆ ಬೇರೆಯಾಗಿ ಕಂಡರೆ ತಡಮಾಡಬೇಡಿ. ವಯಸ್ಸಾದ, ಆಪರೇಷನ್ ಮಾಡಿಸದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ತುಂಬ ಸಾಮಾನ್ಯ. ಅದು ಮೊದಲು ಕಾಣಿಸಿಕೊಳ್ಳುವುದು ಹೀಗೆ. ತಲೆ ಒಂದು ಪಕ್ಕಕ್ಕೆ ವಾಲಿ ಸುತ್ತು ತಿರುಗುವುದನ್ನು ನಮ್ಮವರು ದೃಷ್ಟಿ ಎನ್ನುತ್ತಾರೆ. ಒಳಕಿವಿಯ ಸೋಂಕೋ, ಮಿದುಳಿಗೆ ತಗಲುವ ಒಂದು ಪರೋಪಜೀವಿಯೋ ಕಾರಣವಾಗಿರುತ್ತದೆ. ಬೇಗ ಶುರುಮಾಡಿದರೆ ಚಿಕಿತ್ಸೆ ಇದೆ.

ಮರಿಗಳ ಮಾತು ಬೇರೆ. ಜಾತ್ರೆಯಲ್ಲಿ “ಇದು ಸಣ್ಣ ಜಾತಿ” ಎಂದು ಅಂಗೈ ಮೇಲೆ ಕೂರಿಸಿ ಕೊಡುವ ಮರಿ ಎಷ್ಟೋ ಸಲ ತಾಯಿಯ ಹಾಲು ಬಿಡಿಸುವ ವಯಸ್ಸಿನದೂ ಅಲ್ಲ. ಎಂಟು ವಾರ ತುಂಬದ ಮರಿಯನ್ನು ತರಬೇಡಿ. ಅಂಥ ಮರಿಗಳನ್ನು ಕಾಕ್ಸಿಡಿಯೋಸಿಸ್ ಎಂಬ ಕರುಳಿನ ರೋಗ ಗೂಡುಗೂಡಾಗಿ ಒಯ್ಯುತ್ತದೆ: ಹೊಟ್ಟೆ ದಪ್ಪ, ಬೆನ್ನು ಮೂಳೆ, ನೀರು ಭೇದಿ. ಒಂದು ಮರಿಗೆ ಬಂದರೆ ಎಲ್ಲವನ್ನೂ ತೋರಿಸಬೇಕು, ಗೂಡನ್ನು ದಿನಾ ಗುಡಿಸಿ ಒಣಗಿಸಬೇಕು.

ಇನ್ನೊಂದು ಬಗೆಯ ಮರಿ ನಮ್ಮ ಸೀಮೆಯಲ್ಲಿ ಮನೆಗೆ ಬರುತ್ತದೆ. ರಾಗಿ ಕೊಯ್ಯುವಾಗ, ಕಾವಲಿನ ಹುಲ್ಲಿನಲ್ಲಿ ದನ ಕಾಯುವಾಗ ಸಿಕ್ಕಿದ ಕಾಡು ಮೊಲದ ಮರಿ. “ತಾಯಿ ಬಿಟ್ಟು ಹೋಗಿದೆ” ಎಂದು ಎತ್ತಿ ತರುತ್ತಾರೆ. ತಾಯಿ ಬಿಟ್ಟು ಹೋಗಿರುವುದಿಲ್ಲ. ಕಾಡು ಮೊಲ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ದೂರ ಇರುತ್ತದೆ, ಕತ್ತಲಾದ ಮೇಲೆ ಬಂದು ಹಾಲು ಕೊಟ್ಟು ಹೋಗುತ್ತದೆ. ಸಾಕುಮೊಲದ ಮರಿ ಹುಟ್ಟುವಾಗ ಕಣ್ಣು ಮುಚ್ಚಿ, ಮೈಯಲ್ಲಿ ರೋಮವಿಲ್ಲದೆ ಇರುತ್ತದೆ. ಕಾಡು ಮೊಲದ್ದು ಕಣ್ಣು ತೆರೆದೇ, ತುಪ್ಪಟ ಹೊದ್ದೇ ಹುಟ್ಟುತ್ತದೆ. ಎರಡೂ ಬೇರೆ ಬೇರೆ ಪ್ರಾಣಿಗಳು. ಕಾಡು ಮೊಲ ಮನೆಯಲ್ಲಿ ಬದುಕುವುದು ಅಪರೂಪ, ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಹಿಡಿದು ಸಾಕುವುದು ಅಪರಾಧ. ಸಿಕ್ಕ ಜಾಗದಲ್ಲೇ ಬಿಟ್ಟು ಬನ್ನಿ. ಗಾಯವಾಗಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ.

ವೈದ್ಯರ ವಿಚಾರಕ್ಕೆ ಬರೋಣ. ನಮ್ಮ ಪಶು ಆಸ್ಪತ್ರೆಗಳ ದಿನಚರಿ ಹಸು, ಎಮ್ಮೆ, ಕುರಿ, ನಾಯಿಗಳದ್ದು. ಈ ದೇಶದಲ್ಲಿ ಮೊಲದ ಮೇಲೆ ಸರ್ಕಾರದ ಸಂಶೋಧನೆ ನಡೆದದ್ದೂ ಉಣ್ಣೆಗೆ, ಮಾಂಸಕ್ಕೆ. ರಾಜಸ್ಥಾನದ ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆ, ಕೊಡೈಕೆನಾಲ್ ಬಳಿಯ ಮನ್ನವನೂರಿನ ಅದರ ಕೇಂದ್ರ ಇಂಥ ಕಡೆ. ಹಾಗಾಗಿ ಮೊಲ ನೋಡಿ ಅಭ್ಯಾಸವಿರುವ ವೈದ್ಯರು ಯಾರು ಎಂದು ಮೊಲ ಚೆನ್ನಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ. ಮೊದಲು ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕೇಳಿ, 1962 ಪಶು ಸಹಾಯವಾಣಿಗೆ ಫೋನ್ ಮಾಡಿ ಕೇಳಿ. ದೊಡ್ಡ ಪರೀಕ್ಷೆ, ಶಸ್ತ್ರಚಿಕಿತ್ಸೆ ಬೇಕಾದರೆ ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ತರೀಕೆರೆಯಿಂದ ಬಸ್ಸಿಗೂ ರೈಲಿಗೂ ಹತ್ತಿರ.

“ಮುನ್ನೂರು ರೂಪಾಯಿ ಮೊಲಕ್ಕೆ ಶಿವಮೊಗ್ಗದವರೆಗೆ ಹೋಗಬೇಕೇ?” ಎಂದು ಕೇಳುವವರಿದ್ದಾರೆ. ಹೋಗಬೇಕು ಎಂದೇ ನನ್ನ ಉತ್ತರ. ಕಾವಲಿನ ಮೊಲ ಬಿಸಿಲಾದರೆ ಪೊದೆ ಹುಡುಕಿಕೊಳ್ಳುತ್ತದೆ, ಬೇಕಾದ ಸೊಪ್ಪು ತಾನೇ ಆರಿಸಿಕೊಳ್ಳುತ್ತದೆ. ನಮ್ಮ ಗೂಡಿನ ಮೊಲಕ್ಕೆ ನೆರಳೂ ನಾವೇ, ಮೇವೂ ನಾವೇ, ಔಷಧವೂ ನಾವೇ. ಚೆನ್ನಾಗಿ ನೋಡಿಕೊಂಡರೆ ಎಂಟು-ಹತ್ತು ವರ್ಷ ಬದುಕುವ ಜೀವ ಅದು. ಅದರ ಬೆಲೆಯನ್ನು ಕೊಂಡ ದಿನದ ಚೀಟಿ ನೋಡಿ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ.

ಹೊರಡುವಾಗ ಚೀಲದಲ್ಲಿ ತುಂಬಬೇಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯೋ ಬುಟ್ಟಿಯೋ ಇರಲಿ, ಕೆಳಗೆ ಜಾರದ ಹಾಗೆ ಟವಲು, ಮೇಲೆ ಒಂದು ಹಿಡಿ ಹುಲ್ಲು. ಕಿವಿ ಹಿಡಿದು ಎತ್ತಬಾರದು. ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಗಾಲಿನ ಕೆಳಗೆ. ಹಿಂಗಾಲು ಗಾಳಿಯಲ್ಲಿ ಒದ್ದರೆ ಅದರ ಬೆನ್ನುಮೂಳೆಯೇ ಮುರಿಯಬಹುದು. ರಾತ್ರಿಯ ಹಿಕ್ಕೆಯನ್ನು ಒಂದು ಕಾಗದದಲ್ಲಿ ಕಟ್ಟಿಕೊಂಡು ಹೋಗಿ. ಕೊನೆಯ ಸಲ ತಿಂದದ್ದು ಯಾವಾಗ, ಏನು, ಮನೆಯಲ್ಲಿ ಏನಾದರೂ ಔಷಧ ಹಾಕಿದ್ದೀರಾ ಎಲ್ಲವನ್ನೂ ಬಿಡದೆ ಹೇಳಿ. ಶಸ್ತ್ರಚಿಕಿತ್ಸೆಯ ಮುಂಚೆ ನಾಯಿಯನ್ನು ಉಪವಾಸ ಇಡುವ ಹಾಗೆ ಮೊಲವನ್ನು ರಾತ್ರಿಯೆಲ್ಲ ಉಪವಾಸ ಇಡುವುದಿಲ್ಲ. ಯಾರಾದರೂ ಹಾಗೆ ಹೇಳಿದರೆ ಮೊಲಕ್ಕೂ ಅದು ಬೇಕೇ ಎಂದು ವಿನಯದಿಂದ ಮತ್ತೊಮ್ಮೆ ಕೇಳಿ.

ಜೋಡಿ ಮೊಲವಿದ್ದರೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಕರೆದೊಯ್ಯಿರಿ, ಅಂಟುರೋಗವೆಂದು ವೈದ್ಯರು ಹೇಳದ ಹೊರತು. ಜೊತೆ ಇದ್ದರೆ ಹೆದರಿಕೆ ಕಡಿಮೆ, ಒಂದು ಮೇಯುವುದನ್ನು ನೋಡಿ ಇನ್ನೊಂದೂ ಬಾಯಾಡಿಸುತ್ತದೆ. ಎಷ್ಟು ಮಾಡಿದರೂ ಕೆಲವು ಉಳಿಯುವುದಿಲ್ಲ. ಹಾಗಾದಾಗ ಸತ್ತ ಮೊಲವನ್ನು ಕೂಡಲೇ ಮರೆಮಾಡಬೇಡಿ. ಉಳಿದದ್ದು ಹತ್ತಿರ ಬಂದು ಮೂಸಿ ನೋಡಲಿ. ಹಾಗೆ ನೋಡದ ಮೊಲ ಜೊತೆಯನ್ನು ಹುಡುಕುತ್ತ ದಿನಗಟ್ಟಲೆ ಮೇವು ಬಿಡುವುದುಂಟು. ಮಕ್ಕಳು ಅಳುತ್ತಿರುತ್ತಾರೆ, ದೊಡ್ಡವರ ಗಮನ ಅವರ ಕಡೆ ಇರುತ್ತದೆ. ಆ ವಾರ ಉಳಿದ ಮೊಲದ ಗೂಡಿನ ಹತ್ತಿರವೂ ಯಾರಾದರೊಬ್ಬರು ಕೂತಿರಿ, ಕೈಯಿಂದಲೇ ಗರಿಕೆ ಕೊಡಿ, ಒಂದು ಹೊತ್ತು ಮೂತಿ ತಿರುಗಿಸಿದರೂ ವೈದ್ಯರಿಗೆ ಫೋನ್ ಮಾಡಿ.